ಹಸಿರು ದೀಪದ ಹತ್ತು ಸೆಕೆಂಡು



ಈ ಸಲದ ಮಾತು ರಸ್ತೆಯ ಸಿಗ್ನಲ್ ದೀಪದ ಬಗ್ಗೆ. ಬೇ ಏರಿಯಾದಲ್ಲಿ ನೆಲೆಸಿರುವ ನಾವು ದಿನಕ್ಕೆ ಎಷ್ಟು ಸಲ ಅದರ ಮುಂದೆ ನಿಲ್ಲುತ್ತೇವೆ ಎಂದು ಎಣಿಸಿದವರು ಕಡಿಮೆ. ಆದರೆ ಆ ದೀಪ ನಮ್ಮನ್ನು ಎಣಿಸುತ್ತದೆ. ಯಾರನ್ನು ಹೇಗೆ ಎಣಿಸಬೇಕು ಎಂಬುದನ್ನು ಯಾರೋ, ಯಾವಾಗಲೋ ತೀರ್ಮಾನ ಮಾಡಿಟ್ಟಿದ್ದಾರೆ. ನಲವತ್ತು ಜನರನ್ನು ಹೊತ್ತ ಬಸ್ಸು ಮತ್ತು ಒಬ್ಬರೇ ಕೂತ ಕಾರು, ಎರಡೂ ಆ ದೀಪದ ಕಣ್ಣಿಗೆ ಬಹುಕಾಲ ಒಂದೇ ಆಗಿದ್ದವು. ಅದು ಹೇಗಾಯಿತು, ಈಗ ಹೇಗೆ ಬದಲಾಗುತ್ತಿದೆ ಎಂಬ ಕಥೆಯನ್ನು ನಮ್ಮ ಸಾಂತಾ ಕ್ಲಾರಾ ಕೌಂಟಿಯ ದಕ್ಷಿಣ ತುದಿಯಲ್ಲಿರುವ ಗಿಲ್‌ರಾಯ್‌ನಿಂದ ಶುರುಮಾಡೋಣ.

ಗಿಲ್‌ರಾಯ್ ಎಂದರೆ ನಮಗೆಲ್ಲ ನೆನಪಾಗುವುದು ಬೆಳ್ಳುಳ್ಳಿ. 1979ರಲ್ಲಿ ಶುರುವಾದ ಬೆಳ್ಳುಳ್ಳಿ ಹಬ್ಬ ಈ ಊರಿಗೆ ಹೆಸರು ತಂದಿತು. ಊರಿನ ಹೆಸರು ಮಾತ್ರ ಬಹಳ ಹಿಂದಿನದು. 1814ರಲ್ಲಿ ಮಾಂಟೆರೆಯಲ್ಲಿ ಹಡಗಿನಿಂದ ಇಳಿದು ಇಲ್ಲೇ ನೆಲೆಸಿದ ಜಾನ್ ಗಿಲ್‌ರಾಯ್ ಎಂಬ ಸ್ಕಾಟ್ಲೆಂಡಿನ ನಾವಿಕನದು ಅದು. ಊರಿನ ನಡುವೆ ಹಾದುಹೋಗುವ ಮಾಂಟೆರೆ ಸ್ಟ್ರೀಟ್, ಸ್ಪೇನಿನವರ ಕಾಲದ ಎಲ್ ಕಮಿನೊ ರಿಯಲ್ ದಾರಿಯ ಒಂದು ತುಂಡು. ಉತ್ತರಕ್ಕೆ ಹೋದಂತೆ ಅದೇ ದಾರಿ ಮಾಂಟೆರೆ ರೋಡ್ ಆಗಿ ಸಾನ್ ಮಾರ್ಟಿನ್, ಮಾರ್ಗನ್ ಹಿಲ್, ಕಯೋಟಿ ಕಣಿವೆ ದಾಟಿ ಸಾನ್ ಹೋಸೆ ಸೇರುತ್ತದೆ. ಅಲ್ಲಿಂದ ಮುಂದೆ ಎಲ್ ಕಮಿನೊ ಎಂಬ ಹಳೆಯ ಹೆಸರಿನಲ್ಲೇ ಸಾಂತಾ ಕ್ಲಾರಾ, ಸನ್ನಿವೇಲ್, ಮೌಂಟನ್ ವ್ಯೂ, ಪಾಲೊ ಆಲ್ಟೊ ಊರುಗಳ ಮೂಲಕ ಸಾಗುತ್ತದೆ. ನಮ್ಮಲ್ಲಿ ಬಹಳ ಮಂದಿಯ ದಿನಸಿ ಅಂಗಡಿ, ದೋಸೆ ಹೋಟೆಲು, ದಂತವೈದ್ಯರು ಎಲ್ಲವೂ ಇದೇ ರಸ್ತೆಯ ಮೇಲಿವೆ.

ಈ ದಾರಿ ದಶಕಗಳ ಕಾಲ 101ನೇ ನಂಬರಿನ ರಾಷ್ಟ್ರೀಯ ಹೆದ್ದಾರಿಯಾಗಿತ್ತು. ಮಾರ್ಗನ್ ಹಿಲ್ ಮತ್ತು ಸಾನ್ ಹೋಸೆ ನಡುವಿನ ಭಾಗದಲ್ಲಿ ಅಪಘಾತಗಳು ಎಷ್ಟಿದ್ದವೆಂದರೆ ಜನ ಅದನ್ನು ‘ರಕ್ತದ ಓಣಿ’ ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು. 1970 ಮತ್ತು 80ರ ದಶಕಗಳಲ್ಲಿ ಹೊಸ ಫ್ರೀವೇ ಹಂತಹಂತವಾಗಿ ಪಕ್ಕದಲ್ಲೇ ಬಂತು. ದೂರ ಹೋಗುವ ಕಾರು, ಲಾರಿಗಳು ಅಲ್ಲಿಗೆ ಹೋದವು. ಹಳೆಯ ರಸ್ತೆಗೆ ಉಳಿದದ್ದು ಊರಿನ ಓಡಾಟ, ಸಿಗ್ನಲ್‌ಗಳು ಮತ್ತು ಬಸ್ಸು.

ಆ ಬಸ್ಸಿನ ನಂಬರು 68. ಗಿಲ್‌ರಾಯ್‌ನ ರೈಲು ನಿಲ್ದಾಣದ ಪಕ್ಕದ ಟ್ರಾನ್ಸಿಟ್ ಸೆಂಟರ್‌ನಿಂದ ಹೊರಟು ಸಾನ್ ಹೋಸೆಯ ಡಿರಿಡಾನ್ ನಿಲ್ದಾಣಕ್ಕೆ ಹೋಗುತ್ತದೆ. ಸುಮಾರು 30 ಮೈಲಿ, ಅಂದರೆ 48 ಕಿಲೋಮೀಟರ್ ದಾರಿ. ಕ್ಯಾಲ್‌ಟ್ರೇನ್ ರೈಲು 1992ರಿಂದ ಗಿಲ್‌ರಾಯ್‌ಗೆ ಬರುತ್ತಿದೆ ನಿಜ, ಆದರೆ ಅದು ಕೆಲಸದ ದಿನಗಳಲ್ಲಿ ಬೆರಳೆಣಿಕೆಯಷ್ಟು ಸಲ ಮಾತ್ರ. ಶನಿವಾರ, ಭಾನುವಾರ ಇಲ್ಲವೇ ಇಲ್ಲ. ಹಾಗಾಗಿ ಕಾರಿಲ್ಲದವರಿಗೆ 68ನೇ ಬಸ್ಸೇ ಗತಿ. ಹೊಲದಲ್ಲಿ, ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡುವವರು, ವಿದ್ಯಾರ್ಥಿಗಳು, ವಯಸ್ಸಾದವರು ಅದರಲ್ಲಿ ಓಡಾಡುತ್ತಾರೆ. ನಮ್ಮ ಮನೆಗಳ ಒಂದು ವಿಷಯವೂ ಇಲ್ಲಿ ಸೇರಿದೆ. ಊರಿನಿಂದ ಆರು ತಿಂಗಳಿಗೆಂದು ಬರುವ ಅಪ್ಪ, ಅಮ್ಮ, ಅತ್ತೆ, ಮಾವ ಇಲ್ಲಿ ಕಾರು ಓಡಿಸುವುದು ಅಪರೂಪ. ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ತಾವೇ ಬಸ್ಸು ಹತ್ತಿ ದೇವಸ್ಥಾನಕ್ಕೂ ಮಾರುಕಟ್ಟೆಗೂ ಹೋಗಿಬರುತ್ತಿದ್ದವರು ಇಲ್ಲಿ ಮಕ್ಕಳ ಬಿಡುವಿಗಾಗಿ ಕಾಯುತ್ತಾ ಕೂರುತ್ತಾರೆ. ಬಸ್ಸು ನಂಬುವ ಹಾಗಿದ್ದರೆ ಅವರ ಹಗಲು ಅವರದೇ ಆಗುತ್ತದೆ. ಬಸ್ಸನ್ನು ನಂಬಬಹುದೇ ಇಲ್ಲವೇ ಎಂಬುದು ಬಹುಪಾಲು ತೀರ್ಮಾನವಾಗುವುದು ಸಿಗ್ನಲ್‌ಗಳಲ್ಲಿ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ರಸ್ತೆಯ ಮೊದಲ ಸಿಗ್ನಲ್ ದೀಪ ಬಂದದ್ದು 1868ರಲ್ಲಿ, ಲಂಡನ್ನಿನ ಸಂಸತ್ ಭವನದ ಎದುರು. ಗ್ಯಾಸಿನಿಂದ ಉರಿಯುತ್ತಿದ್ದ ಆ ದೀಪ ಕೆಲವೇ ವಾರಗಳಲ್ಲಿ ಸಿಡಿದುಹೋಯಿತು. ವಿದ್ಯುತ್ ಸಿಗ್ನಲ್ 1914ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಬಂತು. ಮೊದಮೊದಲು ಪೊಲೀಸರು ಕೈಯಿಂದ ಗುಂಡಿ ಒತ್ತಿ ಬದಲಿಸುತ್ತಿದ್ದ ಅದು ಆಮೇಲೆ ಗಡಿಯಾರಕ್ಕೆ ಜೋಡಿಯಾಯಿತು. ಇನ್ನೂ ಮುಂದೆ ರಸ್ತೆಯಡಿ ಹೂತ ತಂತಿಯ ಸುರುಳಿಗಳು ಮೇಲೆ ನಿಂತ ವಾಹನವನ್ನು ಗುರುತಿಸಿ ಸಿಗ್ನಲ್ಲಿಗೆ ತಿಳಿಸತೊಡಗಿದವು. ಕೈ ಹಿಡಿದು ನಿಲ್ಲಿಸುತ್ತಿದ್ದ ಪೊಲೀಸಿನವನಿಗೆ ಬಸ್ಸು ತುಂಬಿದೆಯೇ ಖಾಲಿಯೇ ಎಂದು ಕಣ್ಣಿಗೆ ಕಾಣುತ್ತಿತ್ತು. ತಂತಿಯ ಸುರುಳಿಗೆ ಗೊತ್ತಾಗುವುದು ಮೇಲೆ ಕಬ್ಬಿಣ ಇದೆಯೇ ಇಲ್ಲವೇ ಎಂಬುದಷ್ಟೇ.

ಎಣಿಕೆಯ ಈ ರೀತಿ 1965ರಲ್ಲಿ ಪುಸ್ತಕಕ್ಕೂ ಏರಿತು. ಅಮೆರಿಕದ ರಸ್ತೆ ಎಂಜಿನಿಯರುಗಳ ಕೈಪಿಡಿಯ ಆ ವರ್ಷದ ಆವೃತ್ತಿಯಲ್ಲಿ ರಸ್ತೆಗಳಿಗೆ ಶಾಲೆಯ ಅಂಕಪಟ್ಟಿಯ ಹಾಗೆ ‘ಎ’ಯಿಂದ ‘ಎಫ್’ವರೆಗೆ ದರ್ಜೆ ಕೊಡುವ ಪದ್ಧತಿ ಬಂತು. ಸಿಗ್ನಲ್ಲಿನ ಮಟ್ಟಿಗೆ ಅದರ ಇತ್ತೀಚಿನ ಅರ್ಥ ಹೀಗೆ: ವಾಹನವೊಂದು ಸರಾಸರಿ 10 ಸೆಕೆಂಡಿಗಿಂತ ಹೆಚ್ಚು ಕಾಯದಿದ್ದರೆ ‘ಎ’, 80 ಸೆಕೆಂಡು ದಾಟಿದರೆ ‘ಎಫ್’. ಇಲ್ಲಿ ಕಾಯುವುದು ವಾಹನ. ಅದರೊಳಗೆ ಎಷ್ಟು ಜನ ಇದ್ದಾರೆ ಎಂಬ ಪ್ರಶ್ನೆಯೇ ಇಲ್ಲ. 1970ರಲ್ಲಿ ಕ್ಯಾಲಿಫೋರ್ನಿಯಾ ತನ್ನ ಪರಿಸರ ಕಾನೂನನ್ನು ತಂದಿತು. ಯಾವುದೇ ದೊಡ್ಡ ಯೋಜನೆಗೆ ಮೊದಲು ಪರಿಸರಕ್ಕೆ ಆಗುವ ಹಾನಿಯನ್ನು ಅಳೆಯಬೇಕು ಎಂಬುದು ಅದರ ಸಾರ. ಒಳ್ಳೆಯ ಕಾನೂನು. ಆದರೆ ಕಾರುಗಳಿಗೆ ಸಿಗ್ನಲ್ಲಿನಲ್ಲಿ ಆಗುವ ತಡವನ್ನೂ ಪರಿಸರ ಹಾನಿ ಎಂದೇ ಲೆಕ್ಕ ಹಿಡಿಯುವ ರೂಢಿ ಬೆಳೆಯಿತು. ಬಸ್ಸಿಗೆ ಒಂದು ಲೇನ್ ಬಿಟ್ಟುಕೊಟ್ಟರೆ ಕಾರಿನ ದರ್ಜೆ ‘ಸಿ’ಯಿಂದ ‘ಇ’ಗೆ ಇಳಿಯುತ್ತದೆ; ಹಾಗಾಗಿ ಕಾಗದದ ಮೇಲೆ ಬಸ್ಸೇ ಪರಿಸರಕ್ಕೆ ಕೆಡುಕು ಮಾಡಿದಂತೆ. ಈ ವಿಚಿತ್ರ ನಲವತ್ತಕ್ಕೂ ಹೆಚ್ಚು ವರ್ಷ ನಡೆಯಿತು.

ಬೇರೆ ದಾರಿ ಹಿಡಿದವರೂ ಇದ್ದರು. ಸ್ಯಾನ್ ಫ್ರಾನ್ಸಿಸ್ಕೊ ನಗರ 1973ರಲ್ಲೇ ‘ಸಾರ್ವಜನಿಕ ಸಾರಿಗೆಗೆ ಮೊದಲ ಸ್ಥಾನ’ ಎಂಬ ನೀತಿಯನ್ನು ಒಪ್ಪಿಕೊಂಡಿತು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಜನ ನೆಲದಡಿಯ ರೈಲು ಬೇಡವೆಂದು ಮತ ಹಾಕಿದರು. 1977ರಲ್ಲಿ ಇರುವ ಟ್ರಾಮ್ ಮತ್ತು ಬಸ್ಸುಗಳನ್ನೇ ಚುರುಕು ಮಾಡಲು 20 ಕೋಟಿ ಫ್ರಾಂಕ್ ಖರ್ಚು ಮಾಡಲು ಒಪ್ಪಿದರು. ಟ್ರಾಮ್ ಹತ್ತಿರ ಬರುವಷ್ಟರಲ್ಲಿ ಹಸಿರು ದೀಪ ಸಿದ್ಧವಾಗಿರುವ ಹಾಗೆ ಆ ನಗರ ತನ್ನ ಸಿಗ್ನಲ್‌ಗಳನ್ನು ಒಂದೊಂದಾಗಿ ತಿದ್ದಿತು.

ಸಿಗ್ನಲ್ ಬಸ್ಸಿಗೆ ಹೇಗೆ ದಾರಿ ಕೊಡುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು. ಆಂಬುಲೆನ್ಸ್, ಅಗ್ನಿಶಾಮಕ ವಾಹನ ಬಂದರೆ ಸಿಗ್ನಲ್ ತನ್ನ ಸರದಿಯನ್ನೆಲ್ಲ ಬಿಟ್ಟು ಅವಕ್ಕೆ ಹಸಿರು ಕೊಡುತ್ತದೆ. ಬಸ್ಸಿಗೆ ಸಿಗುವುದು ಅಷ್ಟು ದೊಡ್ಡ ಮರ್ಯಾದೆಯಲ್ಲ. ಬಸ್ಸು ಹತ್ತಿರದಲ್ಲಿದ್ದು ಹಸಿರು ಮುಗಿಯುತ್ತಿದ್ದರೆ ಅದನ್ನು ಕೆಲವು ಸೆಕೆಂಡು, ಸಾಮಾನ್ಯವಾಗಿ ಹತ್ತರ ಆಸುಪಾಸು, ಹೆಚ್ಚಿಸುತ್ತದೆ. ಬಸ್ಸು ಕೆಂಪಿನಲ್ಲಿ ನಿಂತಿದ್ದರೆ ಅಡ್ಡರಸ್ತೆಯ ಹಸಿರನ್ನು ಸ್ವಲ್ಪ ಮುಂಚೆ ಮುಗಿಸಿ ಬಸ್ಸಿಗೆ ಬೇಗ ಹಸಿರು ತರುತ್ತದೆ. ಅಷ್ಟೇ. ಯಾರ ಸರದಿಯೂ ತಪ್ಪುವುದಿಲ್ಲ. ನಮ್ಮ ಮನೆಗಳಲ್ಲಿ ಊಟದ ಪಂಕ್ತಿ ಏಳುವ ಹೊತ್ತಿಗೆ ಒಂದು ಬಸ್ಸಿನಷ್ಟು ನೆಂಟರು ಬಂದರೆ ‘ಐದು ನಿಮಿಷ ತಾಳಿ, ಇವರೂ ಕೂತುಬಿಡಲಿ’ ಅನ್ನುವುದಿಲ್ಲವೇ, ಹಾಗೆ.

ಇದರ ಫಲವನ್ನು ಅಮೆರಿಕದಲ್ಲಿ ದೊಡ್ಡ ಮಟ್ಟದಲ್ಲಿ ತೋರಿಸಿದ್ದು ಲಾಸ್ ಏಂಜಲೀಸ್. 2000ದ ಜೂನ್‌ನಲ್ಲಿ ಅಲ್ಲಿ ವಿಲ್‌ಶೈರ್ ಮತ್ತು ವೆಂಚುರಾ ರಸ್ತೆಗಳಲ್ಲಿ ಕಡಿಮೆ ನಿಲುಗಡೆಯ ಕೆಂಪು ಬಸ್ಸುಗಳು ಸಿಗ್ನಲ್ ಆದ್ಯತೆಯೊಂದಿಗೆ ಓಡತೊಡಗಿದವು. ಪಯಣದ ಸಮಯ ಸುಮಾರು ಕಾಲುಭಾಗ ಕಡಿಮೆಯಾಯಿತು. ಆ ಉಳಿತಾಯದಲ್ಲಿ ಮೂರನೆಯ ಒಂದು ಪಾಲು ಸಿಗ್ನಲ್ ಆದ್ಯತೆಯಿಂದಲೇ ಬಂದದ್ದೆಂದು ಅಲ್ಲಿನವರು ಲೆಕ್ಕ ಹಾಕಿದರು. ಅಡ್ಡರಸ್ತೆಯ ಕಾರುಗಳಿಗೆ ಹೇಳಿಕೊಳ್ಳುವಷ್ಟು ತೊಂದರೆ ಆಗಲಿಲ್ಲ.

ಈಗ ನಮ್ಮ ಕೌಂಟಿಗೆ ಬರೋಣ. 1972ರಲ್ಲಿ ಇಲ್ಲಿನ ಮತದಾರರು ಸಾರಿಗೆ ಜಿಲ್ಲೆಯೊಂದನ್ನು ಒಪ್ಪಿದರು. ಮರುವರ್ಷ ಅದು ಖಾಸಗಿ ಬಸ್ ಕಂಪನಿಗಳ ಓಡಾಟವನ್ನು ತನ್ನ ಕೈಗೆ ತೆಗೆದುಕೊಂಡಿತು. ಇಂದಿನ ವಿ.ಟಿ.ಎ. ಅದರ ಮುಂದುವರಿಕೆ. ಅದರ ಬೆನ್ನೆಲುಬು ಎಲ್ ಕಮಿನೊ ಮೇಲಿನ 22ನೇ ಬಸ್ಸು. 2005ರಲ್ಲಿ ಅದೇ ದಾರಿಯಲ್ಲಿ ಕಡಿಮೆ ನಿಲುಗಡೆಯ ರ್‍ಯಾಪಿಡ್ 522 ಶುರುವಾಯಿತು, ಸಿಗ್ನಲ್ ಆದ್ಯತೆಯೂ ಜೊತೆಗೆ ಬಂತು. ಇಲ್ಲೊಂದು ತೊಡಕು ಗಮನಿಸಿ. ಬಸ್ಸು ವಿ.ಟಿ.ಎ.ಯದು. ಎಲ್ ಕಮಿನೊ ರಾಜ್ಯ ಹೆದ್ದಾರಿ 82 ಆದ್ದರಿಂದ ಅದರ ಸಿಗ್ನಲ್‌ಗಳಲ್ಲಿ ಹೆಚ್ಚಿನವು ರಾಜ್ಯದ ಕ್ಯಾಲ್‌ಟ್ರಾನ್ಸ್ ಇಲಾಖೆಯವು. ಅಡ್ಡರಸ್ತೆಗಳು ಆಯಾ ನಗರದವು. ಒಂದು ಬಸ್ಸು ಒಂದು ಊರಿನ ಎಲ್ಲೆ ದಾಟುವಷ್ಟರಲ್ಲಿ ಮೂರು ಮನೆಯವರ ಒಪ್ಪಿಗೆ ಬೇಕು.

ಸೆಕೆಂಡುಗಳನ್ನು ಕೊಡಲು ಎಲ್ಲರೂ ಒಪ್ಪಿದರು. ಲೇನ್ ಕೇಳಿದಾಗ ಜಗಳ ಶುರುವಾಯಿತು. ಎಲ್ ಕಮಿನೊದಲ್ಲಿ ಒಂದೊಂದು ದಿಕ್ಕಿಗೆ ಇರುವ ಮೂರು ಲೇನ್‌ಗಳಲ್ಲಿ ಒಂದನ್ನು ಬಸ್ಸಿಗೆ ಮೀಸಲಿಡುವ ಪ್ರಸ್ತಾಪವನ್ನು ವಿ.ಟಿ.ಎ. ಮುಂದಿಟ್ಟು, 2014ರಲ್ಲಿ ಅದರ ಪರಿಸರ ವರದಿಯ ಕರಡನ್ನು ಪ್ರಕಟಿಸಿತು. ವರದಿ ಅಳೆದದ್ದು ಅದೇ ‘ಎ’ಯಿಂದ ‘ಎಫ್’ ಅಳತೆಗೋಲಿನಿಂದ. ಹಲವು ನಗರಗಳಲ್ಲಿ ವಿರೋಧ ಎದ್ದಿತು. ಕಾರುಗಳು ಪಕ್ಕದ ವಸತಿ ಬೀದಿಗಳಿಗೆ ನುಗ್ಗುತ್ತವೆ, ಅಂಗಡಿಗಳಿಗೆ ಗಿರಾಕಿ ಕಡಿಮೆಯಾಗುತ್ತಾರೆ ಎಂಬ ಭಯವನ್ನು ಜನ ಸಭೆಗಳಲ್ಲಿ ಹೇಳಿಕೊಂಡರು. ಕೊನೆಗೆ ಆ ಲೇನ್ ಬರಲೇ ಇಲ್ಲ. ಸಾನ್ ಹೋಸೆಯ ಪೂರ್ವಕ್ಕೆ ಆಲಮ್ ರಾಕ್ ಅವೆನ್ಯೂನಲ್ಲಿ ಮಾತ್ರ ರಸ್ತೆಯ ನಡುವೆ ಬಸ್ ಲೇನ್ ಕಟ್ಟಿ 2017ರಲ್ಲಿ ತೆರೆದರು. ಅಲ್ಲೂ ಕಾಮಗಾರಿ ಎಳೆದಾಡಿ ಸಣ್ಣ ಅಂಗಡಿಗಳವರು ಬಹಳ ಕಷ್ಟಪಟ್ಟರು. ವಿರೋಧಿಸುವವರ ಭಯವೆಲ್ಲ ಸುಳ್ಳು ಎಂದು ಹೇಳಿ ಮುಗಿಸುವ ಹಾಗಿಲ್ಲ ಎಂಬುದಕ್ಕೇ ಇದನ್ನು ಹೇಳಿದೆ.

ಇದೇ ಪಾಠವನ್ನು ನಮ್ಮ ನಾಡಿನ ಕಡೆಯೂ ನೋಡಬಹುದು. ಹುಬ್ಬಳ್ಳಿ–ಧಾರವಾಡದ ನಡುವೆ ಸುಮಾರು 22 ಕಿಲೋಮೀಟರ್ ಉದ್ದಕ್ಕೆ ರಸ್ತೆಯ ನಡುವೆ ಬಸ್ಸಿಗೇ ಮೀಸಲಾದ ದಾರಿ ಇದೆ. ವಿಶ್ವ ಬ್ಯಾಂಕಿನ ನೆರವಿನಿಂದ ಕಟ್ಟಿದ ಈ ಬಿ.ಆರ್.ಟಿ.ಎಸ್. ದಾರಿಯಲ್ಲಿ 2018ರ ಅಕ್ಟೋಬರ್‌ನಲ್ಲಿ ಬಸ್ಸುಗಳ ಪ್ರಾಯೋಗಿಕ ಓಡಾಟ ಶುರುವಾಗಿ, 2020ರ ಫೆಬ್ರವರಿಯಲ್ಲಿ ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರಿಂದ ಉದ್ಘಾಟನೆಯಾಯಿತು. ಬಸ್ಸಿಗೆ ಇಟ್ಟ ಹೆಸರು ‘ಚಿಗರಿ’. ಉತ್ತರ ಕರ್ನಾಟಕದವರಿಗೆ ಚಿಗರಿ ಎಂದರೆ ಜಿಂಕೆ ಎಂದು ಬಿಡಿಸಿ ಹೇಳಬೇಕಿಲ್ಲ. ನಿಲ್ದಾಣದ ಕಟ್ಟೆ ಬಸ್ಸಿನ ನೆಲದ ಮಟ್ಟಕ್ಕೇ ಇರುವುದರಿಂದ ಮೊಣಕಾಲು ನೋವಿನ ಅಜ್ಜಿಯೂ ಮೆಟ್ಟಿಲು ಹತ್ತದೆ ಒಳಗೆ ಹೋಗಬಹುದು. ಎಲ್ ಕಮಿನೊದಲ್ಲಿ ಆಗದ್ದು ಹುಬ್ಬಳ್ಳಿಯಲ್ಲಿ ಆಯಿತು ಎಂದು ನಾವು ಹೆಮ್ಮೆಪಡಬಹುದು.

ಆದರೆ ರಸ್ತೆಯ ನಡುವಿನ ಬಸ್ ದಾರಿಗೆ ಒಂದು ಸ್ವಭಾವವಿದೆ. ಭಾರತದಲ್ಲಿ ಬಲಕ್ಕೆ ತಿರುಗುವ, ಅಮೆರಿಕದಲ್ಲಿ ಎಡಕ್ಕೆ ತಿರುಗುವ ವಾಹನ ಆ ದಾರಿಯನ್ನು ಅಡ್ಡ ದಾಟಬೇಕು. ಅದಕ್ಕಾಗಿ ಸಿಗ್ನಲ್ಲಿನಲ್ಲಿ ಇನ್ನೊಂದು ಸರದಿ ಸೇರಬೇಕು. ಸರದಿ ಹೆಚ್ಚಿದಷ್ಟೂ ಪ್ರತಿಯೊಬ್ಬರ ಕೆಂಪು ಉದ್ದವಾಗುತ್ತದೆ. ಹುಬ್ಬಳ್ಳಿ–ಧಾರವಾಡದಲ್ಲಿ ಪಕ್ಕದ ಲೇನ್‌ಗಳಲ್ಲಿ ಸಿಕ್ಕಿಕೊಂಡವರು ಖಾಲಿ ಕಾಣುವ ಬಸ್ ದಾರಿಯನ್ನು ನೋಡಿ ‘ಇದನ್ನೂ ಬಿಡ್ರಿ’ ಎಂದು ಕೇಳುತ್ತಲೇ ಬಂದಿದ್ದಾರೆ. ದೆಹಲಿಯಲ್ಲಿ ಈ ಕೂಗೇ ಗೆದ್ದಿತು. ಅಲ್ಲಿ 2008ರಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ 5.8 ಕಿಲೋಮೀಟರ್ ಬಸ್ ದಾರಿ ತೆರೆದಿತ್ತು. ಚಿರಾಗ್ ದಿಲ್ಲಿಯ ಕೂಡುರಸ್ತೆಯಲ್ಲಿ ಉದ್ದನೆಯ ಕೆಂಪಿಗೆ ಸಿಕ್ಕ ಕಾರಿನವರ ಸಿಟ್ಟು ದಿನವೂ ಪತ್ರಿಕೆಯಲ್ಲಿತ್ತು. ಬಸ್ ದಾರಿಯನ್ನು ತೆಗೆಸಬೇಕೆಂಬ ಅರ್ಜಿಯನ್ನು 2012ರಲ್ಲಿ ದೆಹಲಿ ಹೈಕೋರ್ಟ್ ತಳ್ಳಿಹಾಕಿತು. ಆದರೂ ಕೆಲವೇ ವರ್ಷಗಳಲ್ಲಿ ಸರ್ಕಾರವೇ ಅದನ್ನು ಕಿತ್ತುಹಾಕಿತು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2019ರಲ್ಲಿ ಬಂದ ಬಸ್ ಆದ್ಯತಾ ಲೇನ್ ಕೂಡ ಮೆಟ್ರೊ ಕಾಮಗಾರಿ ಶುರುವಾದ ಮೇಲೆ ಉಳಿಯಲಿಲ್ಲ.

ಈ ಕಥೆಗಳನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಮಾತು ಹೊಳೆಯುತ್ತದೆ. ಲೇನ್ ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಅದಕ್ಕೆ ಶತ್ರುಗಳೂ ಹುಟ್ಟುತ್ತಾರೆ. ಹತ್ತು ಸೆಕೆಂಡು ಕಣ್ಣಿಗೆ ಕಾಣುವುದಿಲ್ಲ. ಯಾರ ಗಮನಕ್ಕೂ ಬಾರದೆ ಅದು ದಿನವೂ ತನ್ನ ಕೆಲಸ ಮಾಡುತ್ತದೆ. ಗಿಲ್‌ರಾಯ್‌ನಂಥ ಊರಿಗೆ ಇದು ಮುಖ್ಯ, ಏಕೆಂದರೆ ಅಲ್ಲಿ ಬಸ್ಸಿಗೆಂದೇ ಲೇನ್ ಕಟ್ಟುವಷ್ಟು ಬಸ್ಸುಗಳೂ ಇಲ್ಲ, ಹಣವೂ ಇಲ್ಲ.

ಹಾಗಾದರೆ ಬಸ್ಸು ಕಂಡಾಗಲೆಲ್ಲ ಹಸಿರು ಕೊಟ್ಟುಬಿಡೋಣವೇ? ಇಲ್ಲಿ ಸ್ವಲ್ಪ ಗಣಿತ ಮಾಡಿ ನೋಡಿ. ಬಸ್ಸಿನಲ್ಲಿ 40 ಜನ ಇದ್ದಾರೆ ಎನ್ನೋಣ. ಹಸಿರನ್ನು 10 ಸೆಕೆಂಡು ಹೆಚ್ಚಿಸಿದ್ದರಿಂದ ಬಸ್ಸಿಗೆ 50 ಸೆಕೆಂಡಿನ ಕೆಂಪು ತಪ್ಪಿತು. 40 ಜನರಿಗೆ ಒಟ್ಟು 2000 ಸೆಕೆಂಡು ಉಳಿಯಿತು. ಅಡ್ಡರಸ್ತೆಯಲ್ಲಿ 12 ಕಾರುಗಳು, ಒಟ್ಟು 15 ಜನ, ತಲಾ 10 ಸೆಕೆಂಡು ಹೆಚ್ಚು ಕಾದರೆ ನಷ್ಟ 150 ಸೆಕೆಂಡು. ಇದರಲ್ಲಿ ವಾದಕ್ಕೇ ಜಾಗವಿಲ್ಲ. ಈಗ ಬಸ್ಸಿನಲ್ಲಿ 6 ಜನ, ಅಡ್ಡರಸ್ತೆಯಲ್ಲಿ 40 ಕಾರು, 50 ಜನ ಎಂದುಕೊಳ್ಳಿ. ಉಳಿತಾಯ 300, ನಷ್ಟ 500. ಕಾರುಗಳನ್ನು ಬಿಟ್ಟು ಜನರನ್ನೇ ಎಣಿಸಿದರೂ ಇಲ್ಲಿ ಬಸ್ಸು ಕಾಯುವುದೇ ಸರಿ ಎಂದು ತೋರುತ್ತದೆ.

ಈ ಇಕ್ಕಟ್ಟಿಗೆ ಎಂಜಿನಿಯರುಗಳು ಕಂಡುಕೊಂಡ ಉಪಾಯ ಸರಳವಾದದ್ದು. ಬಸ್ಸು ವೇಳಾಪಟ್ಟಿಗಿಂತ ತಡವಾಗಿದ್ದರೆ ಮಾತ್ರ ಆದ್ಯತೆ ಕೇಳಬೇಕು. ಸಮಯಕ್ಕೆ ಸರಿಯಾಗಿದ್ದರೆ ಎಲ್ಲರಂತೆ ಸರದಿಯಲ್ಲಿ ನಿಲ್ಲಬೇಕು. ಆಗ ಆರೇ ಜನರಿದ್ದ ಬಸ್ಸಿಗೂ ಒಂದು ನ್ಯಾಯ ಸಿಗುತ್ತದೆ, ಏಕೆಂದರೆ ಆ ಬಸ್ಸು ತಡವಾದರೆ ನಷ್ಟ ಒಳಗಿರುವ ಆರು ಜನರದು ಮಾತ್ರವಲ್ಲ. ಮುಂದಿನ ಹತ್ತು ಸ್ಟಾಪಿನಲ್ಲಿ ಬಿಸಿಲಲ್ಲಿ ನಿಂತು ಕಾಯುತ್ತಿರುವವರದೂ ಹೌದು, ಡಿರಿಡಾನ್‌ನಲ್ಲಿ ಮುಂದಿನ ರೈಲು ತಪ್ಪಿಸಿಕೊಳ್ಳುವವರದೂ ಹೌದು. ಕಾರು ಹತ್ತು ಸೆಕೆಂಡು ಕಳೆದುಕೊಂಡರೆ ಹೋಗುವುದು ಹತ್ತು ಸೆಕೆಂಡೇ. ಬಸ್ಸಿನವರು ಒಂದು ನಿಮಿಷ ಕಳೆದುಕೊಂಡು ಮುಂದಿನ ಬಸ್ಸು ತಪ್ಪಿದರೆ ಅರ್ಧ ಗಂಟೆಯೇ ಹೋಗಬಹುದು.

ಬಸ್ ಸ್ಟಾಪ್ ಇರುವ ಜಾಗವೂ ಮುಖ್ಯ. ಸಿಗ್ನಲ್ಲಿಗಿಂತ ಮೊದಲೇ ಸ್ಟಾಪ್ ಇದ್ದರೆ ಜನ ಹತ್ತಿ ಇಳಿಯುವಷ್ಟರಲ್ಲಿ ಕೊಟ್ಟ ಹಸಿರು ವ್ಯರ್ಥವಾಗುತ್ತದೆ. ಸಿಗ್ನಲ್ ದಾಟಿದ ಮೇಲೆ ಸ್ಟಾಪ್ ಇದ್ದರೆ ಬಸ್ಸು ಹಸಿರಿನಲ್ಲಿ ದಾಟಿ ನಿಧಾನವಾಗಿ ನಿಲ್ಲಬಹುದು. ಇನ್ನೊಂದು ಮಿತಿ ಪಾದಚಾರಿಗಳದು, ಅದನ್ನು ಯಾರೂ ಮುರಿಯಬಾರದು. ಅಮೆರಿಕದ ನಿಯಮದಂತೆ ದಾಟುವವರು ಸೆಕೆಂಡಿಗೆ 4 ಅಡಿ ನಡೆಯುತ್ತಾರೆ ಎಂದು ಮೊದಲು ಲೆಕ್ಕ ಹಿಡಿಯುತ್ತಿದ್ದರು. ವಯಸ್ಸಾದವರು ಅಷ್ಟು ಬೇಗ ನಡೆಯಲಾರರೆಂದು 2009ರ ಕೈಪಿಡಿಯಲ್ಲಿ ಅದನ್ನು 3.5 ಅಡಿಗೆ ಇಳಿಸಿದರು. 100 ಅಡಿ ಅಗಲದ ರಸ್ತೆಗೆ 25 ಸೆಕೆಂಡಿನ ಬದಲು ಸುಮಾರು 29 ಸೆಕೆಂಡು. ಬಸ್ಸಿಗೆ ಬೇಗ ಹಸಿರು ಕೊಡುವ ಭರದಲ್ಲಿ ಈ ನಾಲ್ಕು ಸೆಕೆಂಡನ್ನು ಕಡಿತ ಮಾಡುವಂತಿಲ್ಲ. ಬಸ್ಸಿನಿಂದ ಇಳಿದವರೂ ರಸ್ತೆ ದಾಟಬೇಕಲ್ಲ.

ಎಣಿಕೆಯ ರೀತಿಯೂ ಕೊನೆಗೆ ಬದಲಾಯಿತು. 2013ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ಸಹಿ ಮಾಡಿದ 743ನೇ ಸೆನೆಟ್ ಮಸೂದೆ, ಕಾರಿನ ತಡವನ್ನು ಪರಿಸರ ಹಾನಿ ಎಂದು ಲೆಕ್ಕ ಹಿಡಿಯುವ ರೂಢಿಗೆ ಕೊನೆ ಹಾಡಲು ದಾರಿ ಮಾಡಿತು. 2020ರ ಜುಲೈ 1ರಿಂದ ರಾಜ್ಯದಾದ್ಯಂತ ಹೊಸ ಅಳತೆ ಜಾರಿಗೆ ಬಂತು. ಒಂದು ಯೋಜನೆಯಿಂದ ವಾಹನಗಳು ಒಟ್ಟು ಎಷ್ಟು ಮೈಲಿ ಹೆಚ್ಚು ಓಡಬೇಕಾಗುತ್ತದೆ ಎಂಬುದೇ ಈಗಿನ ಪ್ರಶ್ನೆ. ಈ ಲೆಕ್ಕದಲ್ಲಿ ಬಸ್ಸು ಆರೋಪಿಯ ಕಟಕಟೆಯಿಂದ ಕೆಳಗಿಳಿಯುತ್ತದೆ. ಹಿಂದಿನ ವರ್ಷ, 2019ರ ಡಿಸೆಂಬರ್‌ನಲ್ಲಿ, ವಿ.ಟಿ.ಎ. ಗಿಲ್‌ರಾಯ್‌ಗೆ ಕಡಿಮೆ ನಿಲುಗಡೆಯ ರ್‍ಯಾಪಿಡ್ 568 ಬಸ್ಸನ್ನು ಶುರುಮಾಡಿತ್ತು. ಆಮೇಲೆ ಸಾನ್ ಹೋಸೆಯಲ್ಲಿ ರಸ್ತೆ ಅಗೆಯದೆ, ಬಸ್ಸಿನಲ್ಲಿ ಈಗಾಗಲೇ ಇರುವ ಜಿ.ಪಿ.ಎಸ್. ಮಾಹಿತಿಯಿಂದಲೇ ಬಸ್ಸು ಯಾವಾಗ ಬರುತ್ತದೆಂದು ಸಿಗ್ನಲ್ಲಿಗೆ ಮುಂಚಿತವಾಗಿ ತಿಳಿಸುವ ಪ್ರಯೋಗವೂ 77ನೇ ಮಾರ್ಗದಲ್ಲಿ ನಡೆಯಿತು. ದಕ್ಷಿಣ ಕೌಂಟಿಯ ಉದ್ದನೆಯ ದಾರಿಗೆ ಹೇಳಿಮಾಡಿಸಿದಂಥ ಉಪಾಯ ಅದು.

ಓದುಗ ಮಿತ್ರರೇ, ಇದನ್ನೆಲ್ಲ ಎಂಜಿನಿಯರುಗಳ ಪಾಡಿಗೆ ಬಿಟ್ಟುಬಿಡಬಹುದಿತ್ತು. ಆದರೆ ಮೇಲಿನ ಕಥೆಯಲ್ಲಿ ನಿರ್ಣಾಯಕವಾದ ಎಲ್ಲ ತಿರುವುಗಳೂ ಮತಪೆಟ್ಟಿಗೆಯಲ್ಲಿ, ನಗರಸಭೆಯಲ್ಲಿ, ಶಾಸನಸಭೆಯಲ್ಲಿ ಆದವು. ನಮ್ಮವರಲ್ಲಿ ಅನೇಕರು ಈಗ ಇಲ್ಲಿನ ಮತದಾರರು. ನಿಮ್ಮ ಊರಿನ ಸಿಟಿ ಕೌನ್ಸಿಲ್ ಸಭೆಯಲ್ಲಿ ರಸ್ತೆಯ ವಿಷಯ ಬಂದಾಗ ಮೂರು ಪ್ರಶ್ನೆ ಕೇಳಿ: ಇಲ್ಲಿನ ಸಿಗ್ನಲ್ ವಾಹನಗಳನ್ನು ಎಣಿಸುತ್ತದೆಯೋ ಜನರನ್ನೋ? ತಡವಾದ ಬಸ್ಸಿಗೆ ಅದು ಹತ್ತು ಸೆಕೆಂಡು ಕೊಡುತ್ತದೆಯೇ? ಬಸ್ ಸ್ಟಾಪ್ ಸಿಗ್ನಲ್ಲಿನ ಯಾವ ಬದಿಗಿದೆ? ಉತ್ತರ ಸಿಗದಿದ್ದರೆ ಮುಂದಿನ ಸಭೆಯಲ್ಲೂ ಕೇಳಿ. ಈ ಬೇಸಿಗೆಯಲ್ಲಿ ಅಪ್ಪ, ಅಮ್ಮ ಬಂದಿದ್ದರೆ ಒಂದು ದಿನ ಅವರ ಜೊತೆ ನೀವೂ ಬಸ್ಸು ಹತ್ತಿ ಹೋಗಿ ಬನ್ನಿ. ಎಲ್ಲೆಲ್ಲಿ ಎಷ್ಟು ಹೊತ್ತು ನಿಂತಿತೆಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಸಭೆಗೆ ಹೋಗುವಾಗ ಆ ಚೀಟಿಯೂ ಜೊತೆಗಿರಲಿ.